ಗರಿಕೆ ನೀರು ಬೇಡ ಎಂದ ದಿನ

ಭೂಮಿ ಆಗಷ್ಟೇ ಹೊಸದು. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಇನ್ನೂ ತಿಳಿದಿರಲಿಲ್ಲ. ಇವತ್ತು ಇಲ್ಲಿ, ನಾಳೆ ಅಲ್ಲಿ. ಆಗ ಗರಿಕೆ ಹುಲ್ಲು ವರ್ಷವಿಡೀ ಹಸಿರಾಗಿಯೇ ಇರುತ್ತಿತ್ತು. ಒಣಗುವುದು ಅಂದರೇನು ಅಂತಲೇ ಅದಕ್ಕೆ ಗೊತ್ತಿರಲಿಲ್ಲ ನೋಡು.

ಒಂದು ಬೇಸಿಗೆ ಹೊಳೆ ಬತ್ತಿತು. ಮರಳಲ್ಲಿ ಗುಂಡಿ ತೋಡಿದರೆ ಒಂದಿಷ್ಟು ನೀರು ಜಿನುಗುತ್ತಿತ್ತು, ಅಷ್ಟೇ. ಆ ಒರತೆಗೆ ಒಂದು ಕಟ್ಟಳೆ ಇತ್ತು. ನೀರು ಮೊಗೆದವರು ಗುಂಡಿ ಮತ್ತೆ ತುಂಬುವ ತನಕ ಅಲ್ಲೇ ಕಾದಿದ್ದು, ಮುಂದಿನವರಿಗೆ ತೋರಿಸಿ ಹೋಗಬೇಕು. ನರಿ ಕಾಯುತ್ತಿತ್ತು. ಮುಂಗುಸಿ ಕಾಯುತ್ತಿತ್ತು. ಅವಸರದ ಗಾಳಿಯೂ ಕಾಯುತ್ತಿತ್ತು.

ಕಾಯದವಳು ದಡದ ಗುಡಿಸಲಿನ ಸಿದ್ದವ್ವ ಒಬ್ಬಳೇ. ಗುಡಿಸಲ ಮುಂದೆ ಹಾಸಿಗೆಯಂತೆ ಗರಿಕೆ ಬೆಳೆಸಿದ್ದಳು. ಅದೆಂದರೆ ಅವಳಿಗೆ ಪ್ರಾಣ.

"ಅವ್ವಾ, ತುದಿ ಸುಡ್ತಿದೆ. ಇನ್ನೊಂದು ಕೊಡ," ಅನ್ನುತ್ತಿತ್ತು ಗರಿಕೆ.

"ಬಂದೆ ಮಗಾ," ಅನ್ನುತ್ತಿದ್ದಳು ಅವಳು.

ಇನ್ನೊಂದು ಕೊಡ. ಮತ್ತೊಂದು ಕೊಡ. ಅರ್ಧ ನೀರನ್ನು ಗರಿಕೆ ಕುಡಿಯಿತು, ಅರ್ಧ ಬಿಸಿಲು ಕುಡಿಯಿತು.

ಹೊಳೆಯ ದಡದ ಬರೀ ಕಲ್ಲಿನ ಮೇಲೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಬಿಸಿಲೇರಿದಾಗ ಅದು ಒರತೆಯಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತಿತ್ತು. ಒಂದು ಮಧ್ಯಾಹ್ನ ಹೋದರೆ, ಸಿದ್ದವ್ವ ಮೊಗೆದು ಹೋದ ಗುಂಡಿಯಲ್ಲಿ ಬರೀ ಬಿಸಿ ಮರಳು.

ಹಕ್ಕಿ ಗುಡಿಸಲಿಗೆ ಬಂತು. "ಸಿದ್ದಕ್ಕಾ, ನನ್ನ ಮೊಟ್ಟೆ ಬೇಯ್ತಿವೆ. ನಿನ್ನ ಕೊಡದಲ್ಲಿ ಹೊಟ್ಟೆ ಅದ್ದಿಕೊಳ್ಳಲಾ?"

"ಇದೇ ಕೊನೇ ಕೊಡ ಕಣೇ. ಈ ಬಿಸಿಲಲ್ಲಿ ನಿನಗೆ ಸ್ನಾನ ಬೇರೆ ಕೇಡು. ಸಂಜೆ ಬಾ."

"ಸಂಜೆಗೆ ಮೊಟ್ಟೆ ಇರ್ತವೆ ಅಕ್ಕಾ. ಮರಿ ಇರಲ್ಲ."

ಸಿದ್ದವ್ವ ಕೇಳಿಸದವಳಂತೆ ಗರಿಕೆಯತ್ತ ಕೊಡ ಎತ್ತಿದಳು.

ಗರಿಕೆಯ ಬೇರು ನೆಲದೊಳಗೆ ಹರಿದು ಆ ಕಲ್ಲುಗಳ ಕೆಳಗೂ ಹೋಗಿತ್ತು. ಮೇಲೆ ನಾಲ್ಕು ಪುಟ್ಟ ಕೊಕ್ಕುಗಳು ಚಿಪ್ಪು ಕುಟ್ಟುವುದು ಅದಕ್ಕೆ ಕೇಳುತ್ತಿತ್ತು. ಆಮೇಲೆ ಮೂರೇ ಕೇಳಿದವು. ಗರಿಕೆ ಕಿವಿಗೊಟ್ಟು ಕಾಯಿತು. ನಾಲ್ಕನೆಯದು ಮತ್ತೆ ಕುಟ್ಟಲಿಲ್ಲ.

"ಅವ್ವಾ, ನನಗೆ ಹಾಕಬೇಡ," ಅಂದಿತು ಗರಿಕೆ.

"ನೀರಿಲ್ಲದಿದ್ರೆ ಸಾಯ್ತೀಯಲ್ಲೋ."

"ಸತ್ರೆ ಸಾಯ್ತೀನಿ. ಕೊಡ ಅವಳ ಮುಂದೆ ಇಡು."

ಸಿದ್ದವ್ವ ಹಕ್ಕಿಯತ್ತ ತಿರುಗಿದಳು. ಕೊಡ ಇಟ್ಟಳು. ಹಕ್ಕಿ ಹೊಟ್ಟೆ ನೆನೆಸಿಕೊಂಡು ಹಾರಿತು.

ಮೂರು ಮರಿ ಹೊರಬಂದವು. ನಾಲ್ಕನೇ ಮೊಟ್ಟೆಯ ಮೇಲೆ ತಾಯಿ ಇನ್ನೂ ಎರಡು ದಿನ ಕೂತಿತ್ತು.

ಗರಿಕೆ ತನ್ನ ಹಸಿರನ್ನೆಲ್ಲ ಕೆಳಗೆಳೆದು ಬೇರಲ್ಲಿ ಇಟ್ಟುಕೊಂಡಿತು. ಮೇಲೆ ಹಳದಿಯಾಯಿತು, ಆಮೇಲೆ ಕಂದಾಯಿತು. ಸತ್ತೇ ಹೋಯಿತೆಂದು ಸಿದ್ದವ್ವ ಅತ್ತಳು. ಆದರೂ ದಿನಾ ಒರತೆಗೆ ಹೋಗಿ, ಗುಂಡಿ ತುಂಬುವ ತನಕ ಕೂತು ಕಾದಳು.

ಮೊದಲ ಮಳೆ ಬಿದ್ದ ಮೂರನೇ ದಿನ ಅಂಗಳದಲ್ಲಿ ಸೂಜಿಯಷ್ಟು ಹಸಿರು ಕಂಡಿತು.

ಅದಕ್ಕೇ ಮಗು, ಬೇಸಿಗೆಯಲ್ಲಿ ನಿಮ್ಮ ಅಂಗಳದ ಹುಲ್ಲು ಹಳದಿಯಾಗಿ ಮಲಗಿದರೆ ಪೈಪು ಹಿಡಿದು ಓಡಬೇಡ. ಅದು ಸತ್ತಿಲ್ಲ, ತನ್ನ ಪಾಲಿನ ನೀರನ್ನು ಇನ್ಯಾರಿಗೋ ಬಿಟ್ಟುಕೊಟ್ಟು ಮಳೆಗೆ ಕಾಯುತ್ತಿದೆ.