ಸಾಹುಕಾರರ ಸಗಟು ತಾಯಿತ

ಕಾಳಿನ ವ್ಯಾಪಾರಿ ನಾಗಭೂಷಣಪ್ಪನವರಿಗೆ ಭಾನುವಾರದ ಆಟವೆಂದರೆ ಪ್ರಾಣ. ಅಂಗಡಿ ಮುಚ್ಚಿದ ಮೇಲೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕಿ, ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗುವ ಆಟ. ಕಥೆ ನಡೆಸುವವನು ಅವರದೇ ಗುಮಾಸ್ತ.

ಒಂದು ತಾಯಿತಕ್ಕೆ ಒಂದು ಏಟು ತಪ್ಪುತ್ತದೆ ಎಂದು ಆಟದ ಪುಸ್ತಕದಲ್ಲಿತ್ತು. ಎಷ್ಟು ಕಟ್ಟಬಹುದೆಂದು ಇರಲಿಲ್ಲ. ಸಾಹುಕಾರರು ತಮ್ಮ ವೀರನಿಗೆ ಸಗಟಾಗಿ ಕೊಂಡು ಮೈತುಂಬ ಕಟ್ಟಿದರು.

"ಕರಾರಿನಲ್ಲಿ ಬೇಡ ಅಂತ ಇಲ್ಲವಲ್ಲ. ಆಡಿಸು."

ಜೊತೆಗೆ ಆಡುತ್ತಿದ್ದ ಕಾಳು ಹಸನು ಮಾಡುವ ರೇವಕ್ಕ, ಹಮಾಲಿ ಮೌಲಾಸಾಬ್ ಮುಖ ಸಣ್ಣದು ಮಾಡಿಕೊಂಡರು. ಇವರಿಬ್ಬರೂ ಎದ್ದುಹೋದರೆ ಆಟವೇ ಮುಗಿಯಿತು.

ಗುಮಾಸ್ತ ಕೈಮುಗಿದ. "ಹಾಗೇ ಆಗಲಿ ಧಣಿ. ಇಂಥ ವೀರರನ್ನು ರಾಜರು ಕೋಟೆ ಬಾಗಿಲಿಗೆ ಕಾವಲು ನಿಲ್ಲಿಸಿದ್ದಾರೆ."

ಉಳಿದಿಬ್ಬರು ರಾಕ್ಷಸರ ಗುಹೆಗೆ ನುಗ್ಗಿದರು. ಏಟು ತಿಂದರು, ಓಡಿದರು, ಬಿದ್ದು ಬಿದ್ದು ನಕ್ಕರು.

"ನನ್ನ ಸರದಿ ಯಾವಾಗಪ್ಪ?"

"ಶತ್ರು ಬರಬೇಕಲ್ಲ ಧಣಿ. ದೂರದಿಂದಲೇ ತಾಯಿತ ನೋಡಿ, ನಮಸ್ಕಾರ ಹಾಕಿ ವಾಪಸಾಗ್ತಿದ್ದಾರೆ."

ರೇವಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಸಾಹುಕಾರರ ಕೈಯಲ್ಲಿ ದಾಳ ಬೆವೆತಿತ್ತು. ಜೊತೆಗೆ ಕೂತವರೊಡನೆಯೂ ಗಿರಾಕಿಗಳೊಡನೆ ಮಾಡುವಂತೆ ವ್ಯಾಪಾರ ಮಾಡಿದೆನಲ್ಲ ಎನ್ನಿಸಿ ತಲೆ ಎತ್ತಲಾಗಲಿಲ್ಲ.

"ಎಲ್ಲ ಬಿಚ್ಚಿಬಿಡ್ತೀನಿ," ಎಂದರು ತಗ್ಗಿದ ದನಿಯಲ್ಲಿ. "ನನಗೂ ನಾಲ್ಕು ಏಟು ಬೀಳೋ ಹಾಗೆ ಮಾಡು."

ಗುಹೆಗೆ ಕಾಲಿಟ್ಟೊಡನೆ ಬಿದ್ದ ಮೊದಲ ಏಟಿಗೇ ಅವರ ವೀರ ನೆಲ ಕಚ್ಚಿದ. ರೇವಕ್ಕ ತನ್ನ ಸರದಿ ಬಿಟ್ಟುಕೊಟ್ಟು ಅವನನ್ನು ಎತ್ತಿ ನಿಲ್ಲಿಸಿದಳು. ಸಾಹುಕಾರರು ಅವಳ ಮುಖ ನೋಡದೆಯೇ, "ಉಪಕಾರವಾಯಿತು ತಾಯಿ," ಎಂದರು.