ನಲವತ್ತೊಂದನೆಯ ಪುಟ

ತಪ್ಪು ದ್ಯಾಮಣ್ಣನದೇ. ತಿದ್ದಿದ್ದು ಒಂದೇ ಒಂದು ಅಂಕಿ, ಇಡೀ ಪ್ರೋಗ್ರಾಮನ್ನೇ ಇ-ಮೇಲಿಗೆ ತುಂಬಿ ಕಳಿಸಿಬಿಟ್ಟ.

ಗದಗಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು ಈ ದ್ಯಾಮಣ್ಣ. ಕಣ್ಣು ಕಾಣದ ತಾಯಿ ಚನ್ನಬಸವ್ವನಿಗೆ ಕಂಪ್ಯೂಟರೇ ಪುಸ್ತಕ ಓದಿ ಹೇಳುತ್ತಿತ್ತು. ಓದುವ ಪ್ರೋಗ್ರಾಮು ಪುಕ್ಕಟೆ. ಊರೂರಿನ ಜನ ಸೇರಿ ಮಾಡಿದ್ದು, ಯಾರು ಬೇಕಾದರೂ ತಿದ್ದಿ ಮೇಲ್ ಮಾಡಬಹುದು. ಆದರೆ ನಲವತ್ತು ಪುಟ ಓದಿದ್ದೇ ಅದು ಮತ್ತೆ ಮೊದಲನೆಯ ಪುಟಕ್ಕೆ ಓಡುತ್ತಿತ್ತು. ಕಾದಂಬರಿಯ ನೀಲಾಂಬಿಕೆ ಮದುವೆ ಮಂಟಪದಿಂದ ಎದ್ದುಹೋಗಿ ಮೂರು ತಿಂಗಳಾಯಿತು. ಎಲ್ಲಿಗೆ ಹೋದಳು? ಚನ್ನಬಸವ್ವನಿಗೆ ತಿಳಿಯಲೇಬೇಕು. ತಪ್ಪಿದ್ದ ಅಂಕಿಯನ್ನು ದ್ಯಾಮಣ್ಣನೇ ಹುಡುಕಿ ತಿದ್ದಿದ್ದ; ಆದರೆ ತಿದ್ದಿದ್ದು ಕೆಲಸ ಮಾಡುವುದು ಹೊಸ ಆವೃತ್ತಿಯಲ್ಲಿ ಸೇರಿದ ಮೇಲೆಯೇ, ಅದು ಬರುವುದು ತಿಂಗಳ ಕೊನೆಗೆ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಬಂದ ತಿದ್ದುಪಡಿ ನೋಡಿ ಸೇರಿಸುವವಳು ಭದ್ರಾವತಿಯ ಜುಬೇದಾ. ಅವಳ ಉತ್ತರವನ್ನು ಕಂಪ್ಯೂಟರು ತಾಯಿಗೂ ಕೇಳುವಂತೆ ಗಟ್ಟಿಯಾಗಿ ಓದಿತು: "ಸಾರ್, ಎಲ್ಲವನ್ನೂ ಕಳಿಸಬೇಡಿ. ಬದಲಾಯಿಸಿದ್ದನ್ನು ಮಾತ್ರ ಕಳಿಸಿ."

"ಕೇಳಿಸ್ತೇನಪಾ? ಬದಲಾಯಿಸಿದ್ದಷ್ಟ," ಅಂದಳು ಚನ್ನಬಸವ್ವ.

"ಕೇಳಿಸ್ತವಾ."

ಬದಲಾಯಿಸಿದ್ದಷ್ಟನ್ನೇ ಕಳಿಸಿದ. ಸೊನ್ನೆ ಇದ್ದಲ್ಲಿ ಒಂದು ಮಾಡಿದ್ದ. ಜುಬೇದಾ ಮೇಲ್ ತೆರೆದರೆ ಒಳಗೆ ಬರೀ "1".

"ಸಾರ್, ಏನಿದು? ಎಲ್ಲಿ ಬದಲಾಯಿಸಿದಿರಿ, ಯಾಕೆ ಬದಲಾಯಿಸಿದಿರಿ, ವಿವರವಾಗಿ ಬರೆಯಿರಿ."

ಈ ಮಾತನ್ನು ಪ್ರೋಗ್ರಾಮು ಮಾಡಿದವರು ಮೊದಲೇ ಎಲ್ಲಾದರೂ ಕನ್ನಡದಲ್ಲಿ ಬರೆದಿಟ್ಟಿದ್ದರೇ? ಇಲ್ಲ. ಮೊದಲು ತಪ್ಪು ಮಾಡಬೇಕು, ಆಮೇಲೆ ಬೈಸಿಕೊಳ್ಳಬೇಕು. ಅವರ ಪಾಠಶಾಲೆ ಅದೇ.

ದ್ಯಾಮಣ್ಣ ವಿವರವಾಗಿ ಬರೆದ. ನೀಲಾಂಬಿಕೆಯ ಅಜ್ಜನಿಂದ ಹಿಡಿದು ಮಂಟಪದವರೆಗೆ ನಲವತ್ತು ಪುಟದ ಕತೆಯನ್ನೂ ಬರೆದ.

"ಸೀರಿ ಹಸಿರಲ್ಲೋ, ಕೆಂಪು," ಎಂದು ತಾಯಿಯೂ ತಿದ್ದಿದಳು.

ಕತೆಯ ಭರದಲ್ಲಿ ಆ ಅಂಕಿಯೇ ಮರೆತುಹೋಯಿತು.

"ಸಾರ್, ನೀಲಾಂಬಿಕೆ ಎಲ್ಲಿ ಹೋದಳೋ ನನಗೂ ಕುತೂಹಲ. ಆದರೆ ತಿದ್ದುಪಡಿ ಎಲ್ಲಿ? ಕಾರಣ ಎರಡು ಸಾಲು ಸಾಕು. ನನಗೊಬ್ಬಳಿಗೇ ಬೇಡ, ಎಲ್ಲರಿಗೂ ಕಳಿಸಿ. ಎಲ್ಲರೂ ನೋಡಿ ಒಪ್ಪಬೇಕು."

"ಎಲ್ಲಾರಿಗೂ ಅಂತಪಾ," ಅಂದಳು ತಾಯಿ.

ಎಲ್ಲರಿಗೂ ಕಳಿಸಿದ. ಗ್ಯಾಸ್ ಏಜೆನ್ಸಿಗೆ, ತಾಮ್ರದ ತಂತಿ ಮಾರುವವನಿಗೆ, ತಂಗಿಯ ಬೀಗರಿಗೆ. ಗ್ಯಾಸಿನವರು ದೂರು ದಾಖಲಾಗಿದೆ ಅಂದರು. ನರಗುಂದದಿಂದ ಸೋದರಮಾವ ಫೋನ್ ಮಾಡಿದ: "ಅಳಿಯಾ, ಸೊನ್ನಿ ತಗದು ಒಂದು ಹಾಕ್ತೀನಿ ಅಂತ ಬರದೀಯಲ್ಲ, ನಂದೇನೂ ತಕರಾರಿಲ್ಲ. ಹಾಕ್ಕೊ."

ಜುಬೇದಾ ಬರೆದಳು: "ಎಲ್ಲರಿಗೂ ಅಂದರೆ ನಮ್ಮ ಬಳಗಕ್ಕೆ, ಕೆಳಗಿನ ಒಂದೇ ವಿಳಾಸಕ್ಕೆ. ಇದು ನಿಮ್ಮದೇ ಕೆಲಸ ಎಂದು ಕೊನೆಯಲ್ಲಿ ಸಹಿ ಹಾಕಿ."

ಸಹಿ ತಾನೇ? ಪ್ರಿಂಟ್ ತೆಗೆಸಿದ, ಸಹಿ ಹಾಕಿದ. ಸಾಲದೇನೋ ಎಂದು ದನದ ಡಾಕ್ಟರ ಹತ್ತಿರ ಹೋಗಿ ಹಸಿರು ಶಾಯಿಯಲ್ಲಿ ದೃಢೀಕರಿಸಿ ದುಂಡು ಮೊಹರು ಒತ್ತಿಸಿದ. ಫೋಟೋ ಹೊಡೆದು ಕಳಿಸಿದ.

"ಸಾರ್, ಫೋಟೋದೊಳಗಿನ ತಿದ್ದುಪಡಿಯನ್ನು ನಾನೇನು ಮಾಡಲಿ? ಅಕ್ಷರದಲ್ಲಿ ಕಳಿಸಿ. ಹೆಸರು ಟೈಪ್ ಮಾಡಿದರೆ ಅದೇ ಸಹಿ. ನಾಳೆ ಕಡೆಯ ದಿನ."

ಚನ್ನಬಸವ್ವ ಹಣೆ ಬಡಿದುಕೊಂಡಳು. ಕುರ್ಚಿ ಎಳೆದು ಮಗನ ಪಕ್ಕ ಕೂತಳು. "ನಾ ಹೇಳಿದ್ದಷ್ಟ ಹೊಡಿ. ಒಂದು ಅಕ್ಷರ ಹೆಚ್ಚಿಗಿ ಹೊಡದಿ ಅಂದ್ರ ಕೈ ಕಟ್ಟಿ ಹಾಕ್ತೀನಿ."

ಆಕೆ ಹೇಳಿದಳು, ಅವನು ಹೊಡೆದ. ಮೇಲ್ ಹೋಯಿತು. ಮರುದಿನ ಉತ್ತರ ಬಂತು: "ದ್ಯಾಮಣ್ಣ ಸಾರ್, ನಿಮ್ಮ ತಿದ್ದುಪಡಿ ಸೇರಿತು. ತಿದ್ದಿದವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇದೆ. ಹೊಸದನ್ನು ಹಾಕಿಕೊಳ್ಳುವ ಮೊದಲು ಹಳೆಯದನ್ನೆಲ್ಲ ತೆಗೆದುಹಾಕಿ."

ದ್ಯಾಮಣ್ಣ ಓಣಿಗೆಲ್ಲ ಪೇಢೆ ಹಂಚಿದ. ಹಳೆಯದನ್ನೆಲ್ಲ ತೆಗೆದ, ಹೊಸದನ್ನು ಹಾಕಿದ. ಚನ್ನಬಸವ್ವ ಸೆರಗು ಸರಿಮಾಡಿಕೊಂಡು ಕೂತಳು.

"ಹಚ್ಚಪಾ. ನಲವತ್ತೊಂದನೇ ಪುಟ."

ಕಂಪ್ಯೂಟರು ಸುಮ್ಮನಿತ್ತು.

"ಕಾದಂಬರಿ ಎಲ್ಲೋ?"

"ಅದು ಮೂರು ವರ್ಷದ್ದವಾ, ಹಳೇದು. ತಗದ್ನಿ."

ಚನ್ನಬಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಂಟಪದಿಂದ ಎದ್ದಾಕಿ ನಮ್ಮ ಮನಿಯಿಂದನೂ ಎದ್ದು ಹೋದ್ಲಲ್ಲೋ."

ದ್ಯಾಮಣ್ಣ ಪೆದ್ದ, ಒಪ್ಪಿದೆ. ಗೊತ್ತಿದ್ದೂ ಬರೆದಿಡದವರು ಯಾವ ಜಾಣರು? ಇದನ್ನು ಓದಿ ನಗುತ್ತಿರುವ ಬಲ್ಲವರೇ, ಒಂದು ಹಾಳೆ ತೆಗೆದುಕೊಳ್ಳಿ. ತಿದ್ದುಪಡಿ ಹೇಗೆ ಕಳಿಸಬೇಕೆಂದು ಕನ್ನಡದಲ್ಲಿ, ದ್ಯಾಮಣ್ಣನಿಗೆ ತಿಳಿಯುವ ಹಾಗೆ, ಇವತ್ತೇ ಬರೆಯಿರಿ.