ಹಾವಿನ ಪೊರೆಗೆ ಕಟ್ಟಿದ ಚಿತೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನಗೊಂದು ಹವ್ಯಾಸವಿದೆ. ಗಾಳಿಗೆ ಬಿದ್ದ ಹಕ್ಕಿಗೂಡುಗಳನ್ನು ಆಯ್ದು ತಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತೇನೆ. ನಾನು ಮೊಟ್ಟೆ ಕದಿಯುತ್ತೇನೆಂದು ಜೊತೆಯವರು ಆಡಿಕೊಳ್ಳುತ್ತಾರೆ. ಗೂಡುಗಳನ್ನು ಬಿಡಲೋ, ಅವರ ಸಹವಾಸ ಬಿಡಲೋ?"

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಊರವರು ಅವನನ್ನು ಶೆಟ್ಟರೆಂದು ಕರೆಯುತ್ತಿದ್ದರು. ಬೆಲ್ಲ, ಬೇಳೆ, ಎಣ್ಣೆ ಮಾರುತ್ತಿದ್ದ. ಅವನ ತೂಕದ ಬಗ್ಗೆ ಯಾರೂ ಎರಡು ಮಾತು ಆಡಿದ್ದಿಲ್ಲ. ಹಾವುಗಳು ಕಳಚಿ ಹೋದ ಪೊರೆಗಳನ್ನು ಕೂಡಿಡುವುದು ಅವನ ಹವ್ಯಾಸ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಬೇಲಿಯ ಬುಡದಲ್ಲಿ, ಕಲ್ಲುಗುಪ್ಪೆಯಲ್ಲಿ, ಹುತ್ತದ ಸುತ್ತ ಹುಡುಕುತ್ತಿದ್ದ. ಸಿಕ್ಕದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆದುವಾಗಿಸಿ, ಹರಿಯದಂತೆ ಬಿಡಿಸಿ, ಹಿತ್ತಿಲ ಕೋಣೆಯಲ್ಲಿ ದಾರಕ್ಕೆ ತೂಗುಹಾಕುತ್ತಿದ್ದ. ಮೊದಲ ಪೊರೆಯನ್ನು ಅವನಿಗೆ ತೋರಿಸಿದವಳು ಅವನ ಹೆಂಡತಿ. ಅವಳು ತೀರಿಕೊಂಡ ಮೇಲೆ ಆ ಕೋಣೆಗೆ ಅವನೊಬ್ಬನೇ ಹೋಗುತ್ತಿದ್ದ. ಒಳಗೇನಿದೆ ಎಂದು ಯಾರಾದರೂ ಕೇಳಿದರೆ, "ಹಳೆಯ ಸಾಮಾನು" ಎನ್ನುತ್ತಿದ್ದ.

ಅವನು ಹೇಳದ್ದನ್ನು ಊರು ತಾನೇ ಊಹಿಸಿಕೊಂಡಿತು. ಕೆಲವರು ವಿಷ ಕಾಯಿಸುತ್ತಾನೆ ಎಂದರು. ಕೆಲವರು ಮಾಟ ಎಂದರು.

ಒಂದು ದಿನ ಒಡೆದ ಹೆಂಚು ಬದಲಿಸಲು ಮಾಡು ಹತ್ತಿದ ಆಳು ಆ ಕೋಣೆಯೊಳಗೆ ಇಣುಕಿದ. ಸಾಲಾಗಿ ತೂಗುತ್ತಿದ್ದುದನ್ನು ಕಂಡು, ಏಣಿಯನ್ನೂ ಮರೆತು ಕೆಳಗೆ ಹಾರಿದ. ಶೆಟ್ಟರು ನಾಗರಗಳನ್ನು ಕೊಂದು ಒಣಗಿಸಿದ್ದಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಕೆರೆಯ ಆಚೆಗೂ ತಲುಪಿತು. ಅದೇ ವಾರ ಊರ ಗೌಡನ ಮೊಮ್ಮಗುವಿಗೆ ಮೈಮೇಲೆ ಗುಳ್ಳೆ ಎದ್ದಿತ್ತು. ನಾಗದೋಷ ಎನ್ನಲು ಇನ್ನೇನು ಬೇಕು?

ಆ ಊರಿನಲ್ಲಿ ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ ಮಾಡುವ ಪದ್ಧತಿಯಿತ್ತು. ಊರವರು ಸೇರಿ ತೀರ್ಮಾನಿಸಿದರು: ವ್ಯಾಪಾರಿ ಹೆಣಗಳನ್ನು ಒಪ್ಪಿಸಬೇಕು, ತಾನೇ ಬೆಂಕಿಯಿಡಬೇಕು, ಚಿತೆ ಆರುವ ಮೊದಲು ಊರು ಬಿಡಬೇಕು. ಮಾರನೆಯ ಬೆಳಗ್ಗೆ ಅವನ ಹಿತ್ತಿಲಲ್ಲಿ ಸೌದೆ ಬಂದು ಬಿತ್ತು. ತುಪ್ಪ ಬಂತು. ಪುರೋಹಿತ ಬಂದ. ನಾಗರಕಟ್ಟೆಗೆ ಹಾಲೆರೆಯುವ ಮುದುಕಿ ಎಲ್ಲರಿಗಿಂತ ಮುಂದೆ ಕೂತು ಅಳತೊಡಗಿದಳು.

ಗೌಡ ಹೇಳಿದ: "ಶೆಟ್ಟರೇ, ಹೆಣ ಹೊರಗೆ ತನ್ನಿ."

ವ್ಯಾಪಾರಿಯ ಹೆಂಡತಿಯ ತಮ್ಮ ಅವನ ಕಿವಿಯಲ್ಲಿ ಹೇಳಿದ: "ತಪ್ಪಾಯಿತು ಅಂತ ಕಾಲಿಗೆ ಬಿದ್ದುಬಿಡಿ, ಭಾವ. ಇವನ್ನು ಸುಟ್ಟರೆ ಊರು ಬಿಡುವುದಾದರೂ ತಪ್ಪೀತು."

ವ್ಯಾಪಾರಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದ. ಎಲ್ಲಕ್ಕಿಂತ ಉದ್ದದ ಪೊರೆಯನ್ನು ತಂದು ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದ.

"ಗೌಡರೇ, ಚಿತೆಗೆ ಹೆಣ ಬೇಕು. ಇಲ್ಲಿ ಯಾರೂ ಸತ್ತಿಲ್ಲ. ಇದು ಬಿಚ್ಚಿಟ್ಟ ಅಂಗಿ. ತೊಟ್ಟಿದ್ದವನು ನಿಮ್ಮ ಹೊಲದಲ್ಲೇ ಓಡಾಡಿಕೊಂಡಿದ್ದಾನೆ. ಕೊಂದು ಸುಲಿದದ್ದಾದರೆ ಕತ್ತಿ ಆಡಿಸಿರಬೇಕಲ್ಲ? ಬಾಯಿಯಿಂದ ಬಾಲದವರೆಗೆ ಒಂದೇ ಒಂದು ಕೊಯ್ದ ಗುರುತು ಹುಡುಕಿ ಕೊಡಿ. ಬೆಂಕಿ ನಾನೇ ಇಡುತ್ತೇನೆ, ಈ ಮನೆಗೂ ಸೇರಿಸಿ."

ಗೌಡ ಹುಡುಕಿದ. ಪುರೋಹಿತ ಹುಡುಕಿದ. ಹೆಂಚಿನ ಆಳು ದೂರದಿಂದಲೇ ಹುಡುಕಿದ. ಗುರುತಿರಲಿಲ್ಲ. ಹಾವು ತುಟಿಯ ಬಳಿ ಬಿಡಿಸಿಕೊಂಡು, ಒಳಗಿನದು ಹೊರಗಾಗುವಂತೆ ಪೊರೆಯಿಂದ ಜಾರಿ ಹೋಗಿತ್ತು. ಈರುಳ್ಳಿ ಸಿಪ್ಪೆಯಂಥ ಆ ಪೊರೆಯಲ್ಲಿ ಒಂದು ಹುರುಪೆಯೂ ಕಳೆದಿರಲಿಲ್ಲ. ಕಣ್ಣನ್ನು ಮುಚ್ಚುವ ಪೊರೆ ಕೂಡ ಎರಡು ಪುಟ್ಟ ಗಾಜಿನ ಬಿಲ್ಲೆಗಳಂತೆ ಅಲ್ಲೇ ಇತ್ತು. ಬಿಸಿಲು ಅವುಗಳೊಳಗಿಂದ ಹಾದು ಬರುತ್ತಿತ್ತು.

ಮುದುಕಿ ಅಳು ನಿಲ್ಲಿಸಿ ಹತ್ತಿರ ಬಂದಳು.

"ಅಯ್ಯೋ ಶಿವನೇ, ಇದು ಅವನ ಕಣ್ಣೇ? ಮದುವೆಯಾಗಿ ಬಂದಾಗಿನಿಂದ ಹಾಲೆರೆದೆ, ಕಣ್ಣು ಮುಚ್ಚಿಕೊಂಡೇ ಎರೆದೆ. ಒಂದು ಸಲವೂ ಅವನ ಮುಖ ನೋಡಲಿಲ್ಲವಲ್ಲ!" ಆಮೇಲೆ ಗೌಡನ ಕಡೆ ತಿರುಗಿದಳು. "ಏನೋ, ಬಾಯಿ ಬಿಟ್ಟುಕೊಂಡು ನಿಂತೆ? ಬದುಕಿರುವವರಿಗೆ ಚಿತೆ ಕಟ್ಟಿಸಿದ್ದೀಯಲ್ಲ, ಸೌದೆ ಎತ್ತಿಸು!"

ಮೊದಲು ನಕ್ಕವನು ಪುರೋಹಿತ. ಆಮೇಲೆ ಹಿತ್ತಿಲೆಲ್ಲ ನಕ್ಕಿತು. ಹೆಣ ಕಾಣದ ಸೌದೆಗೆ ಮೈಲಿಗೆಯಿಲ್ಲ ಎಂದು ಪುರೋಹಿತನೇ ಅಪ್ಪಣೆ ಕೊಟ್ಟ. ಅದೇ ಸೌದೆಯ ಮೇಲೆ, ತಂದಿದ್ದ ತುಪ್ಪಕ್ಕೆ ವ್ಯಾಪಾರಿಯ ಅಂಗಡಿಯ ಬೆಲ್ಲ ಸೇರಿ, ಊರಿಗೆಲ್ಲ ಹುಗ್ಗಿಯಾಯಿತು.

ಅಂದಿನಿಂದ ವ್ಯಾಪಾರಿ ಬೇಲಿ ಹುಡುಕುವುದು ಕಡಿಮೆಯಾಯಿತು. ಹೊಲಕ್ಕೆ ಹೋದವರು ಪೊರೆ ಕಂಡರೆ ತಾವೇ ಎಲೆಯಲ್ಲಿ ಸುತ್ತಿ ತರುತ್ತಿದ್ದರು. ಪರವೂರಿನ ನೆಂಟರು ಬಂದರೆ ಗೌಡನೇ ಕರೆತಂದು, ಆ ಉದ್ದದ ಪೊರೆಯನ್ನು ಬಿಸಿಲಿಗೆ ಹಿಡಿಸಿ, "ಕೊಯ್ದ ಗುರುತು ಹುಡುಕಿ, ನೋಡೋಣ" ಎಂದು ಸವಾಲು ಹಾಕುತ್ತಿದ್ದ. ಆ ಕಣ್ಣುಗಳನ್ನು ಮೊದಲು ಕಂಡವನು ತಾನೇ ಎಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತ್ತು.

"ಹಾಗಾದರೆ ತಪ್ಪೆಲ್ಲ ನೋಡದೆ ಮಾತಾಡಿದ ಊರಿನದೇ, ಅಲ್ಲವೇ ಗುರುಗಳೇ?"

ಗುರು ಹೇಳಿದರು: "ಊರು ಕಾಣದ್ದಕ್ಕೆ ಹೆದರಿತು, ಸರಿ, ಗೂಡುಗಳನ್ನು ದಿನವೂ ಕಾಣುವ ನೀನು ತೋರಿಸಲು ಹೆದರುವುದೇಕೆ?"